ಮೆಗಾಡೆತ್ ಕೇಳೋಕೆ ‘ಬ್ಯಾಕ್ ಟು ದ ಸ್ಟಾರ್ಟ್’ ಸೀಡಿ ಒಂದೇ ಸಾಕಾ?

ಹಳೇ_ಸೀಡಿ:
ಮಾವನ ಮನೆ ಅಟ್ಟ ಕ್ಲೀನ್ ಮಾಡುವಾಗ ಮೆಟಲ್ ಬ್ಯಾಂಡ್ ಮೆಗಾಡೆತ್‌ನ ‘ಗ್ರೇಟೆಸ್ಟ್ ಹಿಟ್ಸ್: ಬ್ಯಾಕ್ ಟು ದ ಸ್ಟಾರ್ಟ್’ ಸಿಕ್ಕಿತು. 2005ರದ್ದು, 17 ಹಾಡು. ನಾನು ಇಲ್ಲಿವರೆಗೆ ಮೆಟಲ್‌ನಲ್ಲಿ ಮೆಟಾಲಿಕಾ ಬಿಟ್ಟು ಬೇರೆ ಬ್ಯಾಂಡ್ ಕೇಳಿಲ್ಲ. ಎರಡು ದಿನದಿಂದ ಕಾರಲ್ಲಿ ಇದೇ ಓಡುತ್ತಿದೆ. ‘ಹೋಲಿ ವಾರ್ಸ್’ ನಡುವೆ ಎಲ್ಲಾ ಗಲಾಟೆ ನಿಂತು ಅಕೂಸ್ಟಿಕ್ ಗಿಟಾರ್ ಬರುತ್ತಲ್ಲ, ಅಲ್ಲಿ ಸಿಗ್ನಲ್ ಹಸಿರಾಗಿದ್ದೂ ನೋಡಲಿಲ್ಲ, ಹಿಂದಿನವನ ಕೈಲಿ ಬೈಸಿಕೊಂಡೆ. ಆದರೆ ಒಂದು ಹಾಡು ಸಿಕ್ಕಾಪಟ್ಟೆ ಸ್ಪೀಡು, ಇನ್ನೊಂದು ರೇಡಿಯೋಗೆ ಮಾಡಿದ ಹಾಗೆ. ಒಂದೇ ಬ್ಯಾಂಡಾ ಇದು?

ಡಬಲ್_ಬೇಸ್:
ಹಾಡಿ ಗಿಟಾರ್ ನುಡಿಸೋ ಡೇವ್ ಮಸ್ಟೇನ್ ಒಬ್ಬ ಬಿಟ್ಟರೆ ಉಳಿದವರು ಬರ್ತಾ ಹೋಗ್ತಾ ಇದ್ದರು, ಹಾಗಾಗಿ ನಿಮ್ಮ ಅನುಮಾನ ಸುಳ್ಳಲ್ಲ. ಜೊತೆಗೆ ಸೀಡಿಯಲ್ಲಿ ಹಾಡುಗಳನ್ನು ವರ್ಷದ ಪ್ರಕಾರ ಜೋಡಿಸಿಲ್ಲ. 1992ರ ‘ಸಿಂಫನಿ ಆಫ್ ಡಿಸ್ಟ್ರಕ್ಷನ್’ ಆದಮೇಲೆ ಸೀದಾ 1985ರ ‘ಮೆಕ್ಯಾನಿಕ್ಸ್’. ತಲೆ ಕೆಡದೇ ಇರುತ್ತಾ?

ಮೆಟಾಲಿಕಾ ಗೊತ್ತು ಅಂದ್ರಲ್ಲ, ಒಂದು ಕೆಲಸ ಮಾಡಿ. ‘ಮೆಕ್ಯಾನಿಕ್ಸ್’ ಹಾಕಿ, ತಕ್ಷಣ ಅವರ ‘ದ ಫೋರ್ ಹಾರ್ಸ್‌ಮೆನ್’ ಹಾಕಿ. ರಿಫ್ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಒಂದೇ! ಅದು ಮಸ್ಟೇನ್ ಮೆಟಾಲಿಕಾದಲ್ಲಿದ್ದಾಗಿನ ಹಾಡು. 1983ರಲ್ಲಿ ಅವನನ್ನು ಹೊರಗೆ ಹಾಕಿದರು, ಹಾಡನ್ನು ಇಟ್ಟುಕೊಂಡು ಸ್ವಲ್ಪ ನಿಧಾನ ಮಾಡಿ, ಉದ್ದ ಮಾಡಿ, ಬೇರೆ ಸಾಹಿತ್ಯ ಹಾಕಿದರು. ಇವನು ಅದನ್ನೇ ಬೆನ್ನಿಗೆ ನಾಯಿ ಬಿದ್ದವನ ಥರ ನುಡಿಸಿದ. ಸಿಟ್ಟು ಹಾಗೇ ಕೇಳಿಸುತ್ತೆ.

ಟೊರ್ನೇಡೋ_ಎಲ್ಲಿ:
ಅಭಿಮಾನಿಗಳೇ ವೋಟ್ ಹಾಕಿ ಆರಿಸಿದ ಪಟ್ಟಿಯಂತೆ, ಅದರಲ್ಲಿ ‘ಟೊರ್ನೇಡೋ ಆಫ್ ಸೋಲ್ಸ್’ ಇಲ್ಲ. ಯಾರಪ್ಪಾ ಆ ಅಭಿಮಾನಿಗಳು? ಅದರಲ್ಲಿ ಆಗಿನ ಗಿಟಾರಿಸ್ಟ್ ಮಾರ್ಟಿ ಫ್ರೀಡ್‌ಮನ್ ಸೋಲೋ ಕೇಳಿಯೇ ಎಷ್ಟು ಜನ ಗಿಟಾರ್ ಹಿಡಿದಿಲ್ಲ!

ಇನ್ನೊಂದು ವಿಷಯ. ಇದರಲ್ಲಿರೋದು ಬಹುಪಾಲು 2004ರಲ್ಲಿ ಹೊಸದಾಗಿ ಮಿಕ್ಸ್ ಮಾಡಿದ್ದು, ಅಂದ್ರೆ ವಾದ್ಯ, ದನಿಗಳ ಮಟ್ಟ ಬದಲಿಸಿ ಜೋಡಿಸಿದ್ದು. ಡ್ರಮ್ಸ್ ದಪ್ಪ ಆಗಿದೆ. ಆಗ ‘ರಸ್ಟ್ ಇನ್ ಪೀಸ್’ ಆಲ್ಬಮ್‌ನ ಕೆಲವು ಕಡೆ ಮಸ್ಟೇನ್ ಮತ್ತೆ ಹಾಡಿದ, ನನಗಂತೂ ಅದು ಸಪ್ಪೆ. ಅದರ 1990ರ ಮೂಲ ಆಲ್ಬಮ್ ಹುಡುಕಿ ಕೇಳಿ. ‘ಹೋಲಿ ವಾರ್ಸ್’, ‘ಹ್ಯಾಂಗರ್ 18’ ಎರಡೂ ಅದರದ್ದೇ, ಒಂದರ ಹಿಂದೆ ಒಂದು ಬರುತ್ತವೆ, ಉಸಿರಾಡೋಕೂ ಬಿಡಲ್ಲ.

ಅರಮನೆ_ಮೈದಾನ_2008:
ಸುಮ್ನೆ ಹೆದರಿಸಬೇಡಿ ಅವರನ್ನ. ನಾನು 2008ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ಇವರು ಬಂದಾಗ ಅರಮನೆ ಮೈದಾನಕ್ಕೆ ಹೋಗೋ ಮುಂಚೆ ಇದೇ ಸೀಡಿ ಒಂದು ತಿಂಗಳು ಉರು ಹೊಡೆದಿದ್ದೆ, ಮಷೀನ್ ಹೆಡ್ ಅನ್ನೋ ಇನ್ನೊಂದು ಬ್ಯಾಂಡ್ ಕೂಡ ಇತ್ತು ಅವತ್ತು, ಅವರದ್ದು ಒಂದೂ ಗೊತ್ತಿರಲಿಲ್ಲ, ಸುಮ್ನೆ ತಲೆ ಆಡಿಸಿದ್ದು. ಮಿಕ್ಸ್ ಯಾವುದು ಅಂತ ಆಗ ಯಾರು ನೋಡಿದ್ರು! ಈ ಸೀಡಿಯಲ್ಲಿರೋ ‘ಆಂಗ್ರಿ ಅಗೇನ್’ ಮೆಗಾಡೆತ್‌ನ ಯಾವ ಸ್ಟುಡಿಯೋ ಆಲ್ಬಮ್‌ನಲ್ಲೂ ಇರಲಿಲ್ಲ, ಸಿನಿಮಾಗೆ ಮಾಡಿದ್ದು. ಅಂಥದ್ದಕ್ಕೆ ಈ ಸೀಡಿ ಒಳ್ಳೇದು. ಟೊರ್ನೇಡೋ ಬೇಕಂದ್ರೆ 2019ರ ‘ವಾರ್‌ಹೆಡ್ಸ್ ಆನ್ ಫೋರ್‌ಹೆಡ್ಸ್’ ಇದೆ, 35 ಹಾಡು, ಮಸ್ಟೇನ್ ತಾನೇ ಆರಿಸಿದ್ದು.

ಹಳೇ_ಸೀಡಿ:
ಎರಡೂ ಬೆನ್ನು ಬೆನ್ನಿಗೆ ಕೇಳಿದೆ ಡಬಲ್ ಅವರೇ. ಕ್ಷಮಿಸಿ, ನನಗೆ ಮೆಟಾಲಿಕಾದ್ದೇ ಜಾಸ್ತಿ ಹಿಡಿಸಿತು. ‘ರಸ್ಟ್ ಇನ್ ಪೀಸ್’ ಇವತ್ತು ರಾತ್ರಿ, ಮನೆಯಲ್ಲೇ. ಕಾರಲ್ಲಿ ಬೇಡ.