ಕೆಲವೇ ವಾರ ಉಳಿದಿರುವ ನಾಯಿಯನ್ನು ದತ್ತು ತಗೋಬೇಕಾ?

ಬಾಲಂಗೋಚಿ: ಒಂದು ಸಲಹೆ ಬೇಕಿತ್ತು. ಆಶ್ರಯತಾಣದಲ್ಲಿ ಒಂದು ಹೆಣ್ಣು ನಾಯಿ ಇದೆ, ಯಾರೋ ಬಿಟ್ಟು ಹೋಗಿದ್ದನ್ನು ಕಾಪಾಡಿ ತಂದಿದ್ದು. ವಯಸ್ಸು ಒಂಬತ್ತು ಇರಬಹುದು. ಲಿಂಫೋಮಾ ಅನ್ನೋ ಕ್ಯಾನ್ಸರ್. ದವಡೆ ಕೆಳಗೆ, ಹಿಂಗಾಲಿನ ಮಂಡಿ ಹಿಂದೆ ಗಂಟುಗಳೆದ್ದಿವೆ. ಕೀಮೋ ಇಲ್ಲ, ಬರೀ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ. ತಾತ್ಕಾಲಿಕವಾಗಿ ಇಟ್ಟುಕೊಂಡರೆ ಔಷಧಿ ಖರ್ಚು ಅವರದು, ದತ್ತು ತಗೊಂಡರೆ ಎಲ್ಲಾ ನಮ್ಮದೇ. ನನಗೆ ದತ್ತು ತಗೋಬೇಕು ಅಂತಲೇ ಇದೆ. ಮನೆಯಲ್ಲಿ ಏಳು ವರ್ಷದ ಮಗಳು, ಇನ್ನೊಂದು ನಾಯಿ ಇದ್ದಾರೆ. ಹೆಂಡತಿ ಇನ್ನೂ ಒಪ್ಪಿಲ್ಲ.

ನೇರಾನೇರ: ಬೇಡ. ಕೆಟ್ಟವನು ಅಂದುಕೊಂಡರೂ ಪರವಾಗಿಲ್ಲ. ಅದೇ ಆಶ್ರಯತಾಣದಲ್ಲಿ ಇನ್ನೂ ಹತ್ತು ವರ್ಷ ಬದುಕೋ ನಾಯಿಗಳು ಬೋನಿನಲ್ಲೇ ಕಾಯುತ್ತಿರುತ್ತವೆ ಅಲ್ವಾ? ನಿಮ್ಮ ಮನೆಯಲ್ಲಿ ಇರೋದು ಒಂದೇ ಜಾಗ, ಅದನ್ನು ಅವುಗಳಲ್ಲಿ ಒಂದಕ್ಕೆ ಕೊಡಿ. ಸಾಯೋ ನಾಯಿಗೆ ಮನೆ ಕೊಟ್ಟೆ ಅನ್ನೋ ಸಮಾಧಾನ ನಿಮಗೆ ಸಿಗುತ್ತದೆ, ನಾಯಿಗೆ ಸಿಗೋದು ಹೊಸ ಜಾಗದ ಗಾಬರಿ.

ತಿಂಗಳಬೆಳಕು: ಆ ಲೆಕ್ಕ ನನಗೆ ಅರ್ಥ ಆಗಲ್ಲ. ಮರಿ ಬೇಕು ಅಂತ ಕೇಳಿಕೊಂಡು ಬರೋರು ಇದ್ದೇ ಇರುತ್ತಾರೆ. ಇವಳನ್ನು ಯಾರು ಕೇಳುತ್ತಾರೆ? ನಾವು ಕಿಡ್ನಿ ಹೋಗಿದ್ದ ಒಂದು ಮುದಿ ನಾಯಿಯನ್ನು ತಂದಿದ್ದೆವು. ಚರ್ಮದ ಕೆಳಗೆ ಸಲೈನ್ ಕೊಡೋದು ಮನೆಯಲ್ಲೇ ಕಲಿತೆವು. ಮೊದಲ ವಾರ ಮಂಚದ ಕೆಳಗಿಂದ ಹೊರಗೇ ಬರಲಿಲ್ಲ, ಅದು ನಿಜ. ಆಮೇಲೆ ಬಾಗಿಲ ಹತ್ತಿರ ಮಲಗೋಕೆ ಶುರು ಮಾಡಿತು, ಆಮೇಲೆ ನನ್ನ ಕಾಲ ಮೇಲೆ. ಗಾಬರಿ ಇರುತ್ತದೆ, ಆದರೆ ಕೊನೇವರೆಗೂ ಹಾಗೇ ಇರಲ್ಲ.

ಸೂಜಿಮದ್ದು: ನಾನು ಪಶುವೈದ್ಯೆ. ಈ ನಾಯಿಯನ್ನು ನೋಡದೆ ಹೇಳೋದು, ಹಾಗಾಗಿ ಸಾಮಾನ್ಯವಾಗಿ ಮಾತ್ರ. ಚಿಕಿತ್ಸೆ ಇಲ್ಲದ ಲಿಂಫೋಮಾದಲ್ಲಿ ಹೆಚ್ಚಿನ ನಾಯಿಗಳಿಗೆ 4ರಿಂದ 6 ವಾರ. ಬರೀ ಪ್ರೆಡ್ನಿಸೊಲೋನ್ ಆದರೆ ಒಂದೆರಡು ತಿಂಗಳು, ಅಪರೂಪಕ್ಕೆ ಜಾಸ್ತಿ. ಹಲವು ಔಷಧಿ ಸೇರಿಸಿದ ಕೀಮೋದಲ್ಲಿ ಸುಮಾರು ಒಂದು ವರ್ಷ ಸಿಗುವುದುಂಟು, ಆದರೆ ಮೊದಲೇ ಸ್ಟೀರಾಯ್ಡ್ ಶುರು ಮಾಡಿದ್ದರೆ ಕೀಮೋ ಅಷ್ಟಾಗಿ ಹಿಡಿಯಲ್ಲ. "ಮನೆಗೆ ಬಂದ ಮೇಲೆ ಕೀಮೋ ಮಾಡಿಸೋಣ" ಅನ್ನೋ ಆಸೆ ಇದ್ದರೆ ಈಗಲೇ ವೈದ್ಯರ ಹತ್ತಿರ ಮಾತಾಡಿ.

ಮಾತ್ರೆಯಿಂದ ಬಾಯಾರಿಕೆ, ಹಸಿವು, ಉಚ್ಚೆ ಮೂರೂ ಹೆಚ್ಚುತ್ತವೆ. ರಾತ್ರಿ ಎದ್ದು ಹೊರಗೆ ಬಿಡಬೇಕು. ಒಂದೇ ಸಲಕ್ಕೆ ನಿಲ್ಲಿಸಬಾರದು. ಇದರ ಜೊತೆ ಬೇರೆ ನೋವಿನ ಮಾತ್ರೆಯನ್ನು ಸ್ವಂತವಾಗಿ ಕೊಡಲೇಬೇಡಿ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು. ಈ ಕ್ಯಾನ್ಸರ್ ಇನ್ನೊಂದು ನಾಯಿಗಾಗಲಿ ಮಗುವಿಗಾಗಲಿ ಅಂಟಲ್ಲ.

ಹರಟೆಕಟ್ಟೆ: ಎಲ್ಲಾ ಸರಿ, ಕೊನೆಗೆ ಇಂಜೆಕ್ಷನ್ ಕೊಟ್ಟು ಸಾಯಿಸೋದೇ ತಾನೇ? ಅದಕ್ಕೆ ಮನೆಗೆ ಯಾಕೆ ತರಬೇಕು? ಅದರ ಪಾಡಿಗೆ ಅದು ಹೋಗಲಿ, ಜೀವ ತೆಗೆಯೋಕೆ ನಾವ್ಯಾರು?

ಸೂಜಿಮದ್ದು: "ಅದರ ಪಾಡಿಗೆ" ಹೋಗೋದನ್ನು ನೀವು ನೋಡಿದ್ದೀರಾ? ಗಂಟುಗಳು ದೊಡ್ಡದಾಗಿ ಗಂಟಲು ಒತ್ತಿದರೆ ಉಸಿರಿಗೇ ಕಷ್ಟ, ಮಲಗೋಕೂ ಆಗಲ್ಲ. ನಾವು ಮೊದಲು ಮಂಪರು ಬರಿಸಿ, ಆಮೇಲೆ ಅರಿವಳಿಕೆ ಔಷಧಿಯನ್ನು ತುಂಬಾ ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತೇವೆ. ಕೆಲವು ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ಕಷ್ಟ ಇರೋದು ಯಾವತ್ತು ಅಂತ ತೀರ್ಮಾನಿಸೋದರಲ್ಲಿ. ಅದಕ್ಕೊಂದು ಅಳತೆಪಟ್ಟಿ ಇದೆ: ನೋವು, ಹಸಿವು, ನೀರು, ಸ್ವಚ್ಛತೆ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆ ದಿನ ಜಾಸ್ತಿಯಾ ಅನ್ನೋದು. ಒಂದೊಂದಕ್ಕೆ 10 ಅಂಕ. ಒಟ್ಟು 35 ದಾಟಿದರೆ ಸಾಮಾನ್ಯವಾಗಿ ಮುಂದುವರಿಸಬಹುದು ಅಂತಾರೆ. ನಾನು ಅಂಕಕ್ಕಿಂತ ಅದು ವಾರವಾರ ಹೇಗೆ ಇಳಿಯುತ್ತಿದೆ ಅಂತ ನೋಡುತ್ತೇನೆ.

ತಿಂಗಳಬೆಳಕು: ನಾನು ದತ್ತು ತಗೊಳ್ಳಿ ಅನ್ನೋದು ಇದೇ ಕಾರಣಕ್ಕೆ. ತಾತ್ಕಾಲಿಕ ಅಂದರೆ ನಾಯಿ ಕಾಗದದಲ್ಲಿ ಅವರದು. ರಾತ್ರಿ ಎರಡು ಗಂಟೆಗೆ ಅವಳು ಏದುಸಿರು ಬಿಡುತ್ತಿದ್ದರೆ ನೀವು ಫೋನ್ ಮಾಡಿ ಒಪ್ಪಿಗೆಗೆ ಕಾಯಬೇಕು. ದಿನಾ ನೋಡೋರ ಕೈಯಲ್ಲಿ ಆ ತೀರ್ಮಾನ ಇರಬೇಕು.

ನೇರಾನೇರ: ಉಲ್ಟಾನೂ ಆಗುತ್ತದೆ ಮೇಡಂ. ದಿನಾ ನೋಡೋರಿಗೇ ಕಣ್ಣು ಕಟ್ಟಿರುತ್ತದೆ, ಇವತ್ತು ಬಾಲ ಅಲ್ಲಾಡಿಸಿತು ಅಂತ ಇನ್ನೊಂದು ವಾರ ಎಳೆಯುತ್ತಾರೆ. ಆಶ್ರಯತಾಣದವರು ಇಂಥ ಎಷ್ಟೋ ನಾಯಿ ನೋಡಿರುತ್ತಾರೆ, ಬೇಗ ಗುರುತಿಸುತ್ತಾರೆ. ಖರ್ಚೂ ಅವರದೇ. ತರಲೇಬೇಕು ಅಂತಿದ್ದರೆ ತಾತ್ಕಾಲಿಕವಾಗಿಯೇ ತನ್ನಿ.

ಬಾಲಂಗೋಚಿ: ಎಲ್ಲರಿಗೂ ಥ್ಯಾಂಕ್ಸ್. ನೇರಾನೇರ ಹೇಳಿದ್ದು ಚುಚ್ಚಿತು, ಆದರೆ ಎಳೆದಾಡೋ ವಿಷಯದಲ್ಲಿ ಅವರ ಮಾತು ತೆಗೆದುಹಾಕೋ ಹಾಗಿಲ್ಲ. ತುರ್ತಿನಲ್ಲಿ ನಾನು ಮತ್ತು ವೈದ್ಯರು ಸೇರಿ ತೀರ್ಮಾನಿಸಬಹುದು ಅಂತ ಬರೆದುಕೊಟ್ಟರೆ ತಾತ್ಕಾಲಿಕವಾಗಿ ತರುತ್ತೇನೆ, ಇಲ್ಲದಿದ್ದರೆ ದತ್ತು. ಮಗಳಿಗೆ ಏನು ಹೇಳೋದು ಅನ್ನೋದೇ ಉಳಿದಿದೆ.

ತಿಂಗಳಬೆಳಕು: ಇದ್ದದ್ದನ್ನು ಹೇಳಿ. ಇವಳಿಗೆ ವಾಸಿಯಾಗದ ಕಾಯಿಲೆ ಇದೆ, ಸಾಯುತ್ತಾಳೆ, ಅಲ್ಲಿವರೆಗೆ ನಮ್ಮ ಜೊತೆ ಇರುತ್ತಾಳೆ ಅಂತ. "ನಿದ್ದೆ ಮಾಡಿಸಿದರು" ಅನ್ನಬೇಡಿ, ಮಕ್ಕಳಿಗೆ ಮಲಗೋಕೇ ಹೆದರಿಕೆ ಆಗಬಹುದು. ಮಗಳು ಬೇಡ ಅಂದರೆ ಅದನ್ನೂ ಕೇಳಿಸಿಕೊಳ್ಳಿ.

ನೇರಾನೇರ: ನಾನು ಇನ್ನೂ ಒಪ್ಪಿಲ್ಲ. ಆದರೂ ತರೋದಾದರೆ ಮೊದಲು ಎರಡು ನಾಯಿಗಳನ್ನೂ ಮನೆ ಹೊರಗೆ ಭೇಟಿ ಮಾಡಿಸಿ, ಊಟದ ತಟ್ಟೆ ಬೇರೆ ಕೋಣೆಯಲ್ಲಿಡಿ. ಸ್ಟೀರಾಯ್ಡ್ ಹಸಿವಿನಲ್ಲಿರೋ ನಾಯಿ ತಟ್ಟೆ ವಿಷಯಕ್ಕೆ ಜಗಳ ತೆಗೆಯುತ್ತದೆ.