ಹಿತ್ತಾಳೆ ಪೈಪ್: ವರ್ನಿಯರ್‌ನಲ್ಲಿ 6 ಮಿ.ಮೀ., ಅಲ್ಟ್ರಾಸಾನಿಕ್ ಗೇಜ್‌ನಲ್ಲಿ 8 – ಯಾವುದು ಸರಿ?

ಪೀಣ್ಯ_ಲೇತ್:
ಪೀಣ್ಯದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್. ಉದ್ದದ ಹಿತ್ತಾಳೆ ಪೈಪಿನ ಗೋಡೆ ಉದ್ದಕ್ಕೂ ಒಂದೇ ದಪ್ಪ ಇದೆಯಾ ಅಂತ ನೋಡಬೇಕು. ನಡುಭಾಗಕ್ಕೆ ವರ್ನಿಯರ್ ಹೋಗಲ್ಲ, ಅದಕ್ಕೇ ಹೊರಗಿನಿಂದಲೇ ಶಬ್ದ ಕಳಿಸಿ ದಪ್ಪ ತೋರಿಸೋ ಅಲ್ಟ್ರಾಸಾನಿಕ್ ಗೇಜ್ ತಗೊಂಡಿದ್ದು. ತುದಿಯಲ್ಲಿ ವರ್ನಿಯರ್ 6.00 ಅನ್ನುತ್ತೆ, ಅದೇ ಜಾಗದಲ್ಲಿ ಗೇಜ್ 8.02. ಎಷ್ಟು ಸಲ ಇಟ್ಟರೂ ಅಷ್ಟೇ. ಗೇಜಿನ ಮೈಮೇಲಿರೋ ಉಕ್ಕಿನ ಬಿಲ್ಲೆ ಮೇಲೆ ಮಾತ್ರ ಸರಿಯಾಗಿ 4.00 ಬರುತ್ತೆ. ಅಳೆಯೋ ಜಾಗಕ್ಕೆ ಹಚ್ಚೋ ಜೆಲ್ ಮುಗಿದಿತ್ತು, ಕೊಬ್ಬರಿ ಎಣ್ಣೆ ಹಚ್ಚಿದ್ದೆ. ಅದರಿಂದ ಹೀಗಾಗ್ತಿದೆಯಾ?

ಸರ್ಕ್ಯೂಟ್_ಮಲ್ಲೇಶ್ವರ:
ಪ್ರೋಬ್, ಅಂದ್ರೆ ಲೋಹಕ್ಕೆ ತಾಗಿಸೋ ಭಾಗ, ಹೋಗಿರುತ್ತೆ. ಎಸ್.ಪಿ. ರೋಡಲ್ಲಿ ವಿಚಾರಿಸಿ.

ಎನ್‌ಡಿಟಿ_ಯಶವಂತಪುರ:
ಪ್ರೋಬಿಗೆ ದುಡ್ಡು ಹಾಕಬೇಡಿ, ಅದು ಚೆನ್ನಾಗಿದೆ. ಕೆಟ್ಟಿದ್ದರೆ ರೀಡಿಂಗ್ ಕುಣಿಯುತ್ತಿತ್ತು, ಬಿಲ್ಲೆ ಮೇಲೂ ತಪ್ಪುತ್ತಿತ್ತು. ಕೊಬ್ಬರಿ ಎಣ್ಣೆಯೂ ನಡೆಯುತ್ತೆ. ಪ್ರೋಬ್ ಮತ್ತು ಲೋಹದ ನಡುವೆ ಗಾಳಿ ಉಳಿಯಬಾರದು, ಅಷ್ಟೇ ಮುಖ್ಯ.

ಗೇಜ್ ದಪ್ಪ ಅಳೆಯೋದೇ ಇಲ್ಲ, ಸಮಯ ಅಳೆಯುತ್ತೆ. ಶಬ್ದ ಒಳಗೋಡೆಗೆ ಬಡಿದು ವಾಪಸ್ ಬರೋ ಹೊತ್ತನ್ನ ವೇಗದಿಂದ ಗುಣಿಸಿ ಅರ್ಧ ಮಾಡುತ್ತೆ. ಆ ವೇಗ ನಾವು ಹೇಳಿಕೊಡಬೇಕು. ನಿಮ್ಮದರಲ್ಲಿ ಉಕ್ಕಿನ ವೇಗ, ಸೆಕೆಂಡಿಗೆ ಸುಮಾರು 5,920 ಮೀಟರ್, ಕೂತಿದೆ. ಹಿತ್ತಾಳೆಯಲ್ಲಿ ಶಬ್ದ ಓಡೋದು ಸುಮಾರು 4,430. ನಿಮ್ಮ 8.02ನ್ನ 4,430ರಿಂದ ಗುಣಿಸಿ 5,920ರಿಂದ ಭಾಗಿಸಿ, 6.00 ಬರುತ್ತೆ. ಅಂದ್ರೆ ಶಬ್ದ ಹೋಗಿಬರೋಕೆ ಹಿಡಿದದ್ದು 2.7 ಮೈಕ್ರೋಸೆಕೆಂಡ್, ಅದನ್ನ ಗೇಜ್ ಸರಿಯಾಗೇ ಹಿಡಿದಿದೆ.

ಮೊದಲು ಉಕ್ಕಿನ ವೇಗದಲ್ಲೇ ಬಿಲ್ಲೆ ಮೇಲೆ ಝೀರೋ ಮಾಡಿ, ಅಂದ್ರೆ ಅಲ್ಲಿ 4.00 ಬರೋ ಹಾಗೆ ಹೊಂದಿಸಿ. ಆಮೇಲೆ ವರ್ನಿಯರ್ 6.00 ತೋರಿಸಿದ ತುದಿಯಲ್ಲಿ ಪ್ರೋಬ್ ಇಟ್ಟು, ಗೇಜಿನಲ್ಲೂ 6.00 ಬರೋವರೆಗೆ ವೆಲಾಸಿಟಿ ತಿರುಗಿಸಿ. ಟೇಬಲ್ಲಿನ ಅಂಕಿಗಿಂತ ಇದೇ ಮೇಲು, ಯಾಕಂದ್ರೆ ತಾಮ್ರ-ಸತುವಿನ ಪ್ರಮಾಣ ಬದಲಾದ ಹಾಗೆ ವೇಗವೂ ಬದಲಾಗುತ್ತೆ. ಪೈಪ್ ದುಂಡಗಿರೋದರಿಂದ ಪ್ರೋಬಿನ ಮುಖದ ನಡುಗೆರೆಯನ್ನ ಒಮ್ಮೆ ಪೈಪಿನ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಹಿಡಿದು ನೋಡಿ. ಕಡಿಮೆ ಬಂದದ್ದನ್ನ ಬರೆದುಕೊಳ್ಳಿ.

ಸರ್ಕ್ಯೂಟ್_ಮಲ್ಲೇಶ್ವರ:
ಹಿತ್ತಾಳೆ ಉಕ್ಕಿಗಿಂತ ಭಾರ ಅಲ್ವಾ? ಭಾರ ಜಾಸ್ತಿ ಇದ್ದಷ್ಟೂ ಶಬ್ದ ಜೋರಾಗಿ ಓಡಬೇಕಲ್ಲ?

ಎನ್‌ಡಿಟಿ_ಯಶವಂತಪುರ:
ತುಂಬಾ ಜನ ಹಾಗೇ ಅಂದುಕೊಂಡಿದ್ದಾರೆ, ಕೇಳಿದ್ದು ಒಳ್ಳೇದಾಯ್ತು. ಗಾಳಿಯಲ್ಲಿ 343, ನೀರಲ್ಲಿ ಸುಮಾರು 1,480, ಉಕ್ಕಲ್ಲಿ 5,900 ಅಂತ ಸಾಲಾಗಿ ಓದಿದಾಗ ಭಾರವೇ ಕಾರಣ ಅನ್ನಿಸಿಬಿಡುತ್ತೆ. ಆದರೆ ಸೀಸ ನೋಡಿ: ಉಕ್ಕಿಗಿಂತ ಎಷ್ಟೋ ಭಾರ, ವೇಗ ಬರೀ 2,160ರ ಆಸುಪಾಸು. ಅಲ್ಯೂಮಿನಿಯಂ ಹಗುರ, ಆದರೂ 6,300 ದಾಟುತ್ತೆ. ವೇಗ ಹೆಚ್ಚಿಸೋದು ವಸ್ತುವಿನ ಬಿಗಿತ, ಅಂದ್ರೆ ಒತ್ತಿದರೆ ಎಷ್ಟು ಬಲವಾಗಿ ವಾಪಸ್ ತಳ್ಳುತ್ತೆ ಅನ್ನೋದು. ಭಾರ ವೇಗವನ್ನ ತಗ್ಗಿಸುತ್ತೆ. ಹಿತ್ತಾಳೆಗೆ ಉಕ್ಕಿನ ಸುಮಾರು ಅರ್ಧದಷ್ಟೇ ಬಿಗಿತ, ಮೇಲಿಂದ ಭಾರವೂ ಜಾಸ್ತಿ.

ಪೀಣ್ಯ_ಲೇತ್:
ಸರಿಹೋಯ್ತು ಸಾರ್! ವೆಲಾಸಿಟಿ 4,410ರಲ್ಲಿ ನಿಂತಿತು. ನಡುಭಾಗ ಒಂದು ಕಡೆ 5.3 ತೋರಿಸ್ತಿದೆ, ಆ ಪೈಪ್ ಪಕ್ಕಕ್ಕಿಟ್ಟೆ. ಮುಂದೆ ಎರಕದ ಕಬ್ಬಿಣದ ಪಂಪ್ ಕೇಸಿಂಗ್ ಇದೆ. ಅದಕ್ಕೆ ಎಷ್ಟು ಹಾಕಲಿ?

ಎನ್‌ಡಿಟಿ_ಯಶವಂತಪುರ:
ಅದಕ್ಕೆ ಒಂದು ಅಂಕಿ ಹೇಳೋಕಾಗಲ್ಲ. ಒಳಗಿನ ಗ್ರಾಫೈಟ್ ಯಾವ ಆಕಾರದಲ್ಲಿದೆ ಅನ್ನೋದರ ಮೇಲೆ ಎರಕದಿಂದ ಎರಕಕ್ಕೆ ಸಾವಿರ ಮೀಟರಿಗೂ ಮೇಲೆ ವ್ಯತ್ಯಾಸ ಬರಬಹುದು. ಕೇಸಿಂಗಿನ ಫ್ಲೇಂಜ್ ಅಂಚಿಗೆ ವರ್ನಿಯರ್ ಹೋಗುತ್ತಲ್ಲ, ಅಲ್ಲಿಂದಲೇ ಮತ್ತೆ ಸೆಟ್ ಮಾಡಿಕೊಳ್ಳಿ. ಒರಟು ಮೈಯನ್ನ ಎಮರಿ ಹಾಕಿ ಉಜ್ಜಿ, ಎಣ್ಣೆ ಬದಲು ಗ್ರೀಸ್ ಹಚ್ಚಿ.