ಜಿಪ್ಸಿ, ರೋಮಾ, ಲಂಬಾಣಿ: ಗೋಡೆಪತ್ರಿಕೆಗೆ ಯಾವ ಪದ ಸರಿ?

ಪಿಂಪ್ರಿ ಟೀಚರ್:
ಪುಣೆಯ ನಮ್ಮ ಕನ್ನಡ ಶಾಲೆಯಲ್ಲಿ ಏಪ್ರಿಲ್ 8ರ ಅಂತರರಾಷ್ಟ್ರೀಯ ರೋಮಾ ದಿನಕ್ಕೆ ಗೋಡೆಪತ್ರಿಕೆ ಮಾಡಿಸುತ್ತಿದ್ದೇವೆ. ಶತಮಾನಗಳ ಹಿಂದೆ ಭಾರತದಿಂದ ಹೋಗಿ ಯುರೋಪಿನಲ್ಲಿ ನೆಲೆಸಿದ ಜನರ ದಿನ ಇದು. ಮಕ್ಕಳಲ್ಲಿ ಒಬ್ಬ ‘ಜಿಪ್ಸಿಗಳು’ ಎಂದು ಬರೆದಿದ್ದಾನೆ, ಇನ್ನೊಬ್ಬ ‘ರೊಮೇನಿಯಾದವರು’, ಮತ್ತೊಬ್ಬಳು ‘ವಿದೇಶದ ಲಂಬಾಣಿಗಳು’. ಯಾವುದನ್ನು ಉಳಿಸಲಿ? ಬಾವುಟ ಹೇಗೆ ಬಿಡಿಸಬೇಕು?

ನುಡಿಜಾಡು:
ಮೂರನ್ನೂ ತೆಗೆಸಿ ಮೇಡಂ. ಜನರಿಗೆ ‘ರೋಮಾ’, ಭಾಷೆಗೆ ‘ರೋಮಾನಿ’ ಎನ್ನಿ. ಅವರ ಭಾಷೆಯಲ್ಲಿ ‘ರೋಮ್’ ಎಂದರೆ ಗಂಡಸು, ಗಂಡ. ರೋಮ್ ನಗರಕ್ಕಾಗಲಿ ರೊಮೇನಿಯಾಕ್ಕಾಗಲಿ ಸಂಬಂಧವಿಲ್ಲ. ಸಂಸ್ಕೃತದ ‘ಡೊಂಬ’ವೇ ಇದರ ಮೂಲ ಎಂಬುದು ವಿದ್ವಾಂಸರಲ್ಲಿ ಹೆಚ್ಚಿನವರ ಮಾತು, ನಮ್ಮ ಡೊಂಬರಾಟದ ‘ಡೊಂಬ’ವೂ ಅದೇ. ಹಾಗೆಂದು ನಮ್ಮ ಡೊಂಬರೇ ಯುರೋಪಿಗೆ ಹೋದರು ಎಂದು ಬರೆಸಬೇಡಿ. ಪದದ ನಂಟು ಬೇರೆ, ವಂಶದ ನಂಟು ಬೇರೆ.

‘ಜಿಪ್ಸಿ’ ಬಂದದ್ದು ‘ಈಜಿಪ್ಷಿಯನ್’ನಿಂದ. ಇವರು ಈಜಿಪ್ಟಿನವರು ಎಂದು ಯುರೋಪಿನವರು ತಪ್ಪು ತಿಳಿದಿದ್ದರು. ಇಂಗ್ಲಿಷಿನಲ್ಲಿ ಅದರಿಂದಲೇ ‘ಮೋಸಮಾಡು’ ಎಂಬ ಅರ್ಥದ ಕ್ರಿಯಾಪದವೂ ಹುಟ್ಟಿತು. ಬ್ರಿಟನ್ನಿನಲ್ಲಿ ಆ ಹೆಸರನ್ನು ತಾವೇ ಹೇಳಿಕೊಳ್ಳುವವರಿದ್ದಾರೆ, ಅದು ಅವರ ಹಕ್ಕು. ಜರ್ಮನಿಯ ‘ತ್ಸಿಗೋಯ್ನರ್’ (Zigeuner) ಮಾತ್ರ ಬೇಡವೇ ಬೇಡ: ನಾಜಿಗಳ ಆಶ್‌ವಿಟ್ಸ್ ಸಾವಿನ ಶಿಬಿರದಲ್ಲಿ ಇವರ ತೋಳಿನ ಮೇಲೆ ಹಚ್ಚೆ ಹಾಕಿದ ಸಂಖ್ಯೆಯ ಮುಂದಿನ ‘ಝಡ್’ ಆ ಪದದ್ದೇ. ಜರ್ಮನಿಯಲ್ಲಿ ಈಗ ‘ಸಿಂತಿ ಮತ್ತು ರೋಮಾ’ ಎನ್ನುತ್ತಾರೆ; ಸಿಂತಿ ಎಂದರೆ ಅಲ್ಲಿ ಬಹುಕಾಲದಿಂದ ನೆಲೆಸಿದ ಇದೇ ಜನರ ಒಂದು ಕವಲು.

ವಾಸ್ಕೊ ಕನ್ನಡಿಗ:
ಲಂಬಾಣಿ ಗೊಂದಲ ಗೋವಾದಲ್ಲಿ ದಿನವೂ ನಡೆಯುತ್ತದೆ. ಕಲಂಗೂಟ್ ಕಡಲತೀರದಲ್ಲಿ ಕನ್ನಡಿ ಕಸೂತಿ ಮಾರುವ ನಮ್ಮ ಲಂಬಾಣಿ ಹೆಂಗಸರನ್ನು ಪ್ರವಾಸಿಗರು ‘ಜಿಪ್ಸಿ’ ಎಂದುಬಿಡುತ್ತಾರೆ. ಅವರ ಮಾತು ಗೋರ್‌ಬೋಲಿ, ರಾಜಸ್ಥಾನಿ ಬಳಗದ್ದು. ರೋಮಾನಿ ಸಾವಿರ ವರ್ಷದಷ್ಟು ಹಿಂದೆಯೇ ಕವಲೊಡೆದು ಬೇರೆ ದಾರಿ ಹಿಡಿದ ಭಾಷೆ. ‘ಅಲೆಮಾರಿ’ ಎಂದೂ ಬರೆಸಬೇಡಿ, ಯುರೋಪಿನ ರೋಮಾ ಜನರಲ್ಲಿ ಬಹುಪಾಲು ತಲೆಮಾರುಗಳಿಂದ ಒಂದೇ ಊರಲ್ಲಿ ನೆಲೆಸಿದವರು.

ನುಡಿಜಾಡು:
ಮರಾಠಿ ಬಲ್ಲ ಮಕ್ಕಳಿಗೆ ರೋಮಾನಿ ಪದಗಳ ಒಂದು ಪಟ್ಟಿ ಕೊಡಿ, ಅವರೇ ಹಿಡಿಯುತ್ತಾರೆ: ನಾಖ್ (ಮೂಗು), ಕಾನ್ (ಕಿವಿ), ಪಾನಿ (ನೀರು), ದುಯ್ (ಎರಡು), ಪಾಂಜ್ (ಐದು). ಆಮೇಲೆ ಏಳಕ್ಕೆ ‘ಎಫ್ತಾ’, ದಾರಿಗೆ ‘ದ್ರೋಮ್’ ತೋರಿಸಿ. ಇವೆರಡೂ ಗ್ರೀಕ್. ಕುದುರೆಗೆ ‘ಗ್ರಾಸ್ತ್’, ಅದು ಅರ್ಮೇನಿಯನ್. ಅವರು ನಡೆದ ಹಾದಿ ಈ ಪದಗಳಲ್ಲೇ ಇದೆ.

ಚಿತ್ರಪಟ:
ಬಾವುಟ ಅಡ್ಡಡ್ಡ ಎರಡು ಸಮಭಾಗ: ಮೇಲೆ ನೀಲಿ ಆಕಾಶ, ಕೆಳಗೆ ಹಸಿರು ನೆಲ, ನಡುವೆ ಕೆಂಪು ಚಕ್ರ. ಮಕ್ಕಳು ತಪ್ಪುವುದು ಕಡ್ಡಿಗಳಲ್ಲಿ. ಅಶೋಕ ಚಕ್ರದ ಅಭ್ಯಾಸದಲ್ಲಿ 24 ಎಳೆದುಬಿಡುತ್ತಾರೆ, ಇಲ್ಲಿ 16. ವೃತ್ತವನ್ನು ನಾಲ್ಕಾಗಿ, ಎಂಟಾಗಿ, ಹದಿನಾರಾಗಿ ಅರ್ಧಿಸುತ್ತ ಹೋದರೆ ಕೋನಮಾಪಕವೂ ಬೇಡ. ಅಡಿಬರಹದಲ್ಲಿ 1971 ಎಂದು ಬರೆಸಿ, ಲಂಡನ್ನಿನ ಬಳಿ ಮೊದಲ ವಿಶ್ವ ರೋಮಾನಿ ಸಮಾವೇಶ ಸೇರಿದ ವರ್ಷ ಅದು.